ಮಷಿನ್ ಪಿಚ್ಚರಿನ ಕೊನೆ

ನಮ್ಮ ಶಾಲೆಯ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಹೋದ ವಾರ ಯಾರೋ ಒಂದು ಪಟ್ಟಿ ಹಾಕಿದ್ದರು. ಯಾರೂ ನೋಡದೆ ಬಿಟ್ಟ, ಆದರೆ ನೋಡಲೇಬೇಕಾದ ಸಿನಿಮಾಗಳು ಅಂತ ತಲೆಬರಹ. ಕೆಳಗೆ ಇಪ್ಪತ್ತೋ ಇಪ್ಪತ್ತೈದೋ ಹೆಸರು. ಗಣಿತದ ಮಾಸ್ತರು ಕೂಡಲೇ ಹೆಬ್ಬೆರಳು ಎತ್ತಿದರು. ಅವರು ಯಾರಾದರೂ ತೀರಿಕೊಂಡ ಸುದ್ದಿಗೂ ಹೆಬ್ಬೆರಳು ಎತ್ತುವವರು. ನಾನು ಆ ಶಾಲೆ ಬಿಟ್ಟು ವರ್ಷವಾಗುತ್ತ ಬಂತು, ಗುಂಪಿನಿಂದ ಮಾತ್ರ ಇನ್ನೂ ತೆಗೆದಿಲ್ಲ. ಕುಕ್ಕರಿನ ಸೀಟಿ ಎಣಿಸುತ್ತ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಒಂದನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ಸೀಟಿ ಎಷ್ಟಾಯಿತು ಅನ್ನುವುದು ಮರೆತು ಆವತ್ತಿನ ತೊಗರಿಬೇಳೆ ಗಂಜಿಯಾಯಿತು. ಅದನ್ನೂ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ನನಗೆ ಅದೊಂದು ಚಟ. ನಳ ಬಂದ ದಿನ, ಬೆಕ್ಕು ಮರಿ ಹಾಕಿದ ದಿನ, ಹಂಚಿನ ಮೇಲೆ ಮಂಗ ಬಂದ ದಿನ, ಎಲ್ಲ ತಾರೀಖಿನ ಕೆಳಗೆ ಸಣ್ಣಕ್ಷರದಲ್ಲಿ ಬರೆಯುತ್ತೇನೆ. ಇದನ್ನ ಮುಂದ ಯಾರು ಓದತಾರ ಅಂತ ನಮ್ಮ ಮನೆಯವರು ಕೇಳುತ್ತಾರೆ. ಯಾರೂ ಓದುವುದಿಲ್ಲ. ಮಂಗಳವಾರ, ಶುಕ್ರವಾರಗಳ ಕೆಳಗೆ ಈಗ ಎರಡೇ ಶಬ್ದ ಇರುತ್ತವೆ: ಅಕ್ಕ, ಯಾದಗಿರಿ.

ಆದರೆ ಯಾರೂ ನೋಡದ ಸಿನಿಮಾ ನೋಡುವುದರಲ್ಲಿ ನನಗೂ ಒಂದಿಷ್ಟು ಅನುಭವ ಇದೆ ಅಂತ ಹೇಳಿಕೊಳ್ಳಬೇಕು. ಆ ಪಟ್ಟಿ ಮಾಡಿದವರಿಗೆ ಅದು ಅಭಿರುಚಿಯಿಂದ ಬಂದಿರಬೇಕು. ನನಗೆ ಬಂದದ್ದು ಖೈರುನ್ ಚಾಚಿಯ ಬುರ್ಖಾದಿಂದ.

ನಮ್ಮದು ಸುರಪುರ. ಖೈರುನ್ ಚಾಚಿಯದು ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ. ಅವರ ಮನೆಯೊಳಗೆ ದಖನಿ ಮಾತು, ನಮ್ಮ ಕಟ್ಟೆಗೆ ಬಂದರೆ ಕನ್ನಡ. ಚಾಚಿಗೆ ಸಿನಿಮಾದ ಹುಚ್ಚು ವಿಪರೀತ. ಬುರ್ಖಾ ಹಾಕಿಕೊಂಡು ಟಾಕೀಸಿನಲ್ಲಿ ಕುಳಿತರೆ ಸೆಕೆ, ತೆಗೆದರೆ ಗುರುತಿನವರು. ಅದಕ್ಕೆ ಆಕೆ ಒಂದು ಉಪಾಯ ಕಂಡುಕೊಂಡಿದ್ದಳು. ಶುಕ್ರವಾರ ಬಂದ ದೊಡ್ಡ ಪಿಚ್ಚರು ಸೋಮವಾರಕ್ಕೆ ಹೋದರೆ, ಮುಂದಿನ ಶುಕ್ರವಾರದ ತನಕ ಟಾಕೀಸಿನವರು ಎಲ್ಲಿಂದಲೋ ಒಂದು ಬಡ ಪಿಚ್ಚರು ತಂದು ಹಾಕುತ್ತಿದ್ದರು. ಹಾಡಿಲ್ಲ, ಹೊಡೆದಾಟವಿಲ್ಲ, ಗೋಡೆಯ ಮೇಲೆ ಪೋಸ್ಟರೂ ಇಲ್ಲ. ಬುಧವಾರದ ಮ್ಯಾಟಿನಿಗೆ ಹೋದರೆ ಹೆಂಗಸರ ಕಡೆ ನಾವೇ ನಾವು. ಚಾಚಿ ಮುಸುಕು ಎತ್ತಿ, ಮುಂದಿನ ಕುರ್ಚಿಗೆ ಕಾಲು ಚಾಚಿ, ಎಲೆ ಅಡಿಕೆ ಡಬ್ಬಿ ತೆಗೆಯುತ್ತಿದ್ದಳು.

"ಕುರ್ಚಿ ಖಾಲಿ ಇದ್ರ ಪಿಚ್ಚರ್ ಚಲೋ ಇರತದ ಬೇಟಾ," ಅನ್ನುತ್ತಿದ್ದಳು. ಆಕೆಯ ವಿಮರ್ಶೆ ಅಷ್ಟೇ. ಒಂಟಿಯಾಗಿ ಹೋದರೆ ಚೆನ್ನಾಗಿರುವುದಿಲ್ಲ ಅಂತ ನನ್ನನ್ನು ಕರೆದೊಯ್ಯುತ್ತಿದ್ದಳು. ಬುಧವಾರ ಮಧ್ಯಾಹ್ನ ನನಗೆ ಹೊಟ್ಟೆನೋವು ಬರುವುದು ನಮ್ಮ ಕ್ಲಾಸ್ ಟೀಚರಿಗೂ ರೂಢಿಯಾಗಿತ್ತು.

ಹಾಗೆ ನೋಡಿದ ಪಿಚ್ಚರುಗಳ ಹೆಸರು ಕೇಳಬೇಡಿ. ನಮ್ಮ ಓಣಿಯಲ್ಲಿ ಪಿಚ್ಚರಿಗೆ ಹೆಸರು ಹೇಳುವ ಪದ್ಧತಿಯೇ ಇರಲಿಲ್ಲ. ಅದರೊಳಗೆ ಕಣ್ಣಿಗೆ ಹೊಡೆಯುವ ಸಾಮಾನು ಯಾವುದೋ ಅದೇ ಅದರ ಹೆಸರು. ಗಂಟೆ ಪಿಚ್ಚರ್ ಅಂತ ಒಂದಿತ್ತು. ಒಬ್ಬ ಟಪಾಲಿನವ ಸೈಕಲ್ ಗಂಟೆ ಬಾರಿಸುತ್ತ ಊರೂರು ತಿರುಗುತ್ತಾನೆ. ಅವನಿಗೇ ಒಂದು ಕಾಗದ ಬರಲೆಂದು ನಾವು ಎರಡೂವರೆ ತಾಸು ಕಾದೆವು, ಬರಲಿಲ್ಲ. ಬಾವಿ ಪಿಚ್ಚರ್ ಅಂತ ಇನ್ನೊಂದು. ಪಾಲಿಗೆ ಬಂದ ಬಾವಿಗಾಗಿ ಅಣ್ಣ ತಮ್ಮ ಜಗಳಾಡಿ, ಕೊನೆಗೆ ಇಬ್ಬರೂ ಎರಡು ದಂಡೆಗೆ ಕುಳಿತು ಒಂದೇ ನೀರು ನೋಡುತ್ತಾರೆ. ಪೊರಕೆ ಪಿಚ್ಚರಿನಲ್ಲಿ ಒಂದು ದೆವ್ವ ಇತ್ತು. ಅದು ಯಾರನ್ನೂ ಹೆದರಿಸುವುದಿಲ್ಲ, ನಸುಕಿನಲ್ಲಿ ಬಂದು ಅಂಗಳ ಗುಡಿಸಿ ಹೋಗುತ್ತದೆ. ಇಂಥ ದೆವ್ವ ನಮ್ಮನಿಗೂ ಬರಬಾರದೇನು ಅಂತ ಚಾಚಿ ಹಾದಿಯುದ್ದಕ್ಕೂ ಹಲುಬಿದಳು. ಈಗಲೂ ಹೇಳುತ್ತೇನೆ, ಮೂರೂ ನೋಡಬೇಕಾದ ಪಿಚ್ಚರುಗಳು. ನೋಡಿದವರು ಊರಲ್ಲಿ ಹತ್ತು ಮಂದಿ ಸಿಕ್ಕರೆ ಹೆಚ್ಚು.

ಹಾಗೆಂದು ಕೇಳಿದವರು ಕಡಿಮೆ ಅಂತ ತಿಳಿಯಬೇಡಿ. ಆ ಕಾಲಕ್ಕೆ ಮನೆಗೆ ಒಬ್ಬರು ಪಿಚ್ಚರ್ ನೋಡಿ ಬಂದರೆ ಉಳಿದವರಿಗೆಲ್ಲ ಕೂತು ಹೇಳಬೇಕಿತ್ತು. ಅದು ಹರಟೆಯಲ್ಲ, ಕರ್ತವ್ಯ. ಮರುದಿನ ಪಡಸಾಲೆಯಲ್ಲಿ ನಮ್ಮಜ್ಜಿ ಆಯಿ, ಅವ್ವ, ಎದುರುಮನೆಯ ಇಬ್ಬರು ಮೊರ ಹಿಡಿದು ತೊಗರಿ ಹಸನು ಮಾಡಲು ಕೂತರೆ, ನಾನು ನಡುವೆ ನಿಂತು ಮೊದಲಿನಿಂದ ಹೇಳಬೇಕು. ಬಸ್ಸು ಬಂದರೆ ಬಸ್ಸಿನ ಸದ್ದು, ನಾಯಿ ಬಂದರೆ ನಾಯಿಯ ಸದ್ದು, ಅತ್ತರೆ ಅಳು. ಚೆನ್ನಾಗಿ ಹೇಳುತ್ತಿದ್ದೆ. ಆ ಕೀರ್ತಿ ತಲೆಗೇರಿ ಒಂದು ಕೆಟ್ಟ ಚಾಳಿಯೂ ಬಂತು. ಒಮ್ಮೆ ಯಾವುದೋ ಪಿಚ್ಚರಿನಲ್ಲಿ ಒಂದು ಕರು ಸತ್ತಿತ್ತು. ಹೇಳುವಾಗ ಆಯಿಯ ಮುಖ ಸಣ್ಣದಾದದ್ದು ಕಂಡು, ಸತ್ತಿಲ್ಲ, ಎದ್ದು ನಿಂತಿತು ಅಂದೆ. ಆಯಿ ಖುಷಿಯಾಗಿ ಒಂದು ಹಿಡಿ ಶೇಂಗಾ ಬೆಲ್ಲ ಕೊಟ್ಟಳು. ಅಲ್ಲಿಂದ ಮುಂದೆ ನನ್ನ ಪಿಚ್ಚರುಗಳಲ್ಲಿ ಯಾರೂ ಸಾಯಲಿಲ್ಲ. ಟಪಾಲಿನವನಿಗೆ ಕಾಗದ ಬಂತು. ಅಣ್ಣ ತಮ್ಮ ಒಂದೇ ತಾಟಿನಲ್ಲಿ ಉಂಡರು. ಸಿನಿಮಾ ತೆಗೆದವರಿಗೆ ತಿಳಿಯದ್ದನ್ನು ನಾನು ಸರಿಮಾಡುತ್ತಿದ್ದೇನೆ ಅನ್ನುವ ಜಂಬ ಬೇರೆ.

ಆ ವರ್ಷ ಕೇಳುವವರ ಸಾಲಿನಲ್ಲಿ ಇನ್ನೊಬ್ಬಳು ಸೇರಿದ್ದಳು, ನಮ್ಮ ಶಾಂತಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ಹುಣಸಗಿಗೆ ಕೊಟ್ಟಿದ್ದರು. ಮದುವೆಯಾಗಿ ನಾಲ್ಕನೇ ತಿಂಗಳಿಗೆ ಒಂದು ಟ್ರಂಕು ಹಿಡಿದುಕೊಂಡು ಒಬ್ಬಳೇ ಬಸ್ಸಿಳಿದು ಬಂದಳು. ಗಂಡ ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಕುಡಿಯುವುದೂ ಇಲ್ಲ. ಅಂಗಡಿಗೆ ಹೋಗುವಾಗ ಹೊರಗಿನ ಚಿಲಕ ಹಾಕಿ ಕೀಲಿ ಜಡಿದುಕೊಂಡು ಹೋಗುತ್ತಾನೆ, ಹೊತ್ತು ಮುಳುಗುವಾಗ ಬಂದು ತೆಗೆಯುತ್ತಾನೆ. ಅಷ್ಟೇ. ಅಷ್ಟಕ್ಕೆ ಬಂದಳೇನು ಅಂತ ಊರವರು ಕೇಳಿದರು. ಅಪ್ಪ ಸಿಟ್ಟಾಗಲಿಲ್ಲ. ಇರತೀನಂದ್ರ ಇರು, ಹೋಗತೀನಂದ್ರ ಹೋಗು, ನಾ ದಬ್ಬೂದಿಲ್ಲ ಅಂದ. ಅವ್ವ ಬಾಯಿಬಿಟ್ಟು ಹೇಳದಿದ್ದರೂ ಆಕೆಯ ಮನಸ್ಸು ಹೋಗಲಿ ಅಂತಲೇ ಇತ್ತು. ಅಕ್ಕ ಎಂಟು ತಿಂಗಳು ಇದ್ದಳು. ಹಿತ್ತಿಲ ಬಾಗಿಲು, ಮುಂದಿನ ಬಾಗಿಲು, ಕಿಟಕಿ, ಎಲ್ಲ ತೆರೆದೇ ಇಡುತ್ತಿದ್ದಳು. ಓಣಿಯ ನಾಯಿಗಳಿಗೂ ನಮ್ಮ ಮನೆ ಹಾದಿಯಾಗಿತ್ತು.

ಟಾಕೀಸಿಗೆ ಮಾತ್ರ ಆಕೆ ಬರುವಂತಿರಲಿಲ್ಲ. ಗಂಡನ ಮನೆ ಬಿಟ್ಟು ಬಂದವಳು ಪಿಚ್ಚರಿಗೆ ಹೋದರೆ ಮಂದಿ ಏನಂದಾರು. ಅದಕ್ಕೆ ಆಕೆಗೆ ಸಿನಿಮಾ ಅಂದರೆ ನಾನೇ.

ಮಷಿನ್ ಪಿಚ್ಚರು ಬಂದದ್ದು ಆಗ. ಅದರ ನಿಜ ಹೆಸರು ಸಂಸ್ಕೃತದಲ್ಲಿ ಮೂರು ಗೇಣು ಉದ್ದ ಇತ್ತು, ನಮ್ಮ ಓಣಿಯಲ್ಲಿ ಯಾರ ಬಾಯಿಗೂ ಹೊರಳುವಂಥದ್ದಲ್ಲ. ಒಬ್ಬ ಹೆಣ್ಣುಮಗಳು ಗಂಡನನ್ನು ಬಿಟ್ಟು ತವರಿಗೆ ಬರುತ್ತಾಳೆ. ಕಿಟಕಿಯ ಕೆಳಗೆ ಅಣ್ಣನ ಹೊಲಿಗೆ ಮಷಿನ್. ಕೂತು ಕಲಿಯುತ್ತಾಳೆ. ಗಂಡ ಕರೆಯಲು ಬರುತ್ತಾನೆ, ಹೋಗುತ್ತಾನೆ. ಮತ್ತೆ ಬರುತ್ತಾನೆ. ಮೂರನೇ ಸಲ ಬಂದಾಗ ಮನೆಯಲ್ಲಿ ಆಕೆಯ ಹೊರತು ಯಾರೂ ಇಲ್ಲ. ಅವನು ಹೊಸ್ತಿಲಿಗೆ ನಿಲ್ಲುತ್ತಾನೆ. ಆಕೆ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಒಮ್ಮೆ ತಪ್ಪುತ್ತದೆ, ಇನ್ನೊಮ್ಮೆ ತಪ್ಪುತ್ತದೆ, ಮೂರನೆಯದಕ್ಕೆ ಹೋಗುತ್ತದೆ. ತುಳಿಯಲು ಶುರು ಮಾಡುತ್ತಾಳೆ. ನೆಲದ ಮೇಲೆ ಬಿದ್ದ ಅವನ ನೆರಳು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ಇರುವುದಿಲ್ಲ. ಮಷಿನ್ ಸದ್ದು ನಡೆದೇ ಇರುತ್ತದೆ. ಪಿಚ್ಚರ್ ಮುಗಿಯಿತು.

ಹೊರಗೆ ಬಿಸಿಲಿಗೆ ಬಂದ ಮೇಲೆ ಚಾಚಿ ಮುಸುಕು ಇಳಿಸಿದಳು. ಸಣ್ಣ ಬಜಾರು ದಾಟಿದ ಮೇಲೆ, "ಚಲೋ ಮಾಡಿದಳು ಹುಡುಗಿ. ಒಂದ್ ಮಾತ್ ಆಡಲಿಲ್ಲ ನೋಡ್. ಆಡಿದ್ದರ ಸೋಲತಿದ್ದಳು," ಅಂದಳು.

ಮರುದಿನ ಪಡಸಾಲೆಯಲ್ಲಿ ನಾನು ಆ ಪಿಚ್ಚರು ಹೇಳಿದ್ದು ನನಗೆ ಈಗಲೂ ಶಬ್ದಶಬ್ದ ನೆನಪಿದೆ. ಮಷಿನ್ ಸದ್ದನ್ನು ನಾಲಿಗೆಯಲ್ಲಿ ಮಾಡಿ ತೋರಿಸಿದೆ. ಎದುರುಮನೆಯವರು ನಕ್ಕರು. ಮೂರನೇ ಸಲ ಗಂಡ ಬಂದು ಬಾಗಿಲಲ್ಲಿ ನಿಂತ ಅನ್ನುವ ತನಕ ಬಂದೆ. ಅಕ್ಕನ ಮೊರ ನಿಂತಿತ್ತು. ಆಕೆ ತಲೆ ಎತ್ತಿರಲಿಲ್ಲ, ಕಾಳಿನಲ್ಲಿ ಬೆರಳಿಟ್ಟು ಕೂತಿದ್ದಳು. ಅವ್ವ ನನ್ನನ್ನೇ ನೋಡುತ್ತಿದ್ದಳು.

"ಹೋದಳೇನು?" ಅಂದಳು ಅವ್ವ.

"ಹೋಗದ ಏನ್ ಮಾಡತಾಳ? ಮಷಿನ್ ತಿಂತಾಳೇನು?" ಅಂದಳು ಆಯಿ.

ಇಲ್ಲಿ ನನ್ನ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿಕೊಳ್ಳಬಹುದಿತ್ತು. ಹದಿಮೂರು ವರ್ಷದವಳು, ಅವ್ವನ ಕಣ್ಣಿಗೆ ಹೆದರಿದಳು ಅಂತ. ಅಕ್ಕನಿಗೆ ಸಂತೋಷವಾಗಲಿ ಅಂತ ಮಾಡಿದಳು ಅಂತ. ಎರಡೂ ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ ಮೂರನೆಯದೂ ಒಂದಿತ್ತು. ಶಾಲೆಯಲ್ಲಿ ಹುಡುಗಿಯರು ನಿಮ್ಮಕ್ಕ ಗಂಡನ್ನ ಬಿಟ್ಟಾಳಂತ, ನಿನ್ನ ಯಾರು ಮಾಡಿಕೋತಾರ ಅಂತ ದಿನಾ ಕಾಡುತ್ತಿದ್ದರು. ಅದು ನಿಲ್ಲಬೇಕಿತ್ತು ನನಗೆ.

ಹೋದಳು ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಆ ಗಂಡ ಬದಲಾಗಿ ಬಂದಿದ್ದ, ಅವಳ ಮಷಿನ್ ತಾನೇ ತಲೆಯ ಮೇಲೆ ಹೊತ್ತುಕೊಂಡು ಬಸ್ಸಿಗೆ ಏರಿಸಿದ ಅಂದೆ. ಊರಿಗೆ ಹೋದ ಕೂಡಲೇ ಸುತ್ತಿಗೆ ತಂದು ಹೊರಬಾಗಿಲಿನ ಚಿಲಕ ಕಿತ್ತು ಕಾಲುವೆಗೆ ಒಗೆದ ಅಂದೆ. ಪಿಚ್ಚರಿನಲ್ಲಿ ಚಿಲಕವೇ ಇರಲಿಲ್ಲ. ಕಾಲುವೆಯೂ ಇರಲಿಲ್ಲ. ಎಲ್ಲ ನಾನೇ ತಂದೆ, ಹುಣಸಗಿಯಿಂದ. ಅವ್ವ ಕಣ್ಣೊರೆಸಿಕೊಂಡಳು. ಅವತ್ತು ಶೇಂಗಾ ಬೆಲ್ಲ ಎರಡು ಹಿಡಿ ಸಿಕ್ಕಿತು.

ಎಂಟು ದಿನಕ್ಕೆ ಭಾವ ಬಂದ. ಅಕ್ಕನನ್ನು ಯಾರೂ ಒತ್ತಾಯ ಮಾಡಲಿಲ್ಲ. ಹೋಗತೀನಿ ಅಂತ ತಾನೇ ಅಂದಳು. ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದುಕೊಟ್ಟಳು. "ನಿನ್ನ ಪಿಚ್ಚರಿನಾಗ ಆದಂಗ ಆದ್ರ, ಗೌರೀ, ಚಿಲಕ ಕಾಲುವಿಗೆ ಒಗಿಯೂದು ಬ್ಯಾಡ, ನಿನಗ ಕಳಸತೀನಿ," ಅಂದು ನಕ್ಕಳು.

ಮೂವತ್ತಕ್ಕೂ ಹೆಚ್ಚು ವರ್ಷ ಆಕೆ ಆ ಮನೆಯಲ್ಲಿದ್ದಳು. ಬಚ್ಚಲು ಹೊರಗಿತ್ತು, ಆದ್ದರಿಂದ ಅವನು ಕೀಲಿ ಜಡಿದು ಅಂಗಡಿಗೆ ಹೊರಡುವ ಮೊದಲೇ ಎಲ್ಲ ಮುಗಿಸಿ, ಆಮೇಲೆ ಸಂಜೆಯ ತನಕ ನೀರು ಕುಡಿಯದೆ ಇರುವುದನ್ನು ರೂಢಿ ಮಾಡಿಕೊಂಡಳು. ಮಕ್ಕಳಾಗಲಿಲ್ಲ. ಅವ್ವ ತೀರಿಕೊಂಡಾಗ ಸುದ್ದಿ ಮಧ್ಯಾಹ್ನವೇ ಹುಣಸಗಿ ಮುಟ್ಟಿತ್ತು. ಸುದ್ದಿ ಒಯ್ದವನು ಕೀಲಿ ಜಡಿದ ಬಾಗಿಲ ಮುಂದೆ ನಿಂತು ಕೂಗಿ ಹೇಳಿ, ಅಂಗಡಿ ಹುಡುಕಿಕೊಂಡು ಹೋದನಂತೆ. ಅಂಗಡಿಯಲ್ಲಿ ಭಾವ ಇರಲಿಲ್ಲ, ಶಹಾಪುರಕ್ಕೆ ಹೋಗಿದ್ದ. ಅಕ್ಕ ಬರುವ ಹೊತ್ತಿಗೆ ಮಣ್ಣು ಮುಗಿದಿತ್ತು. ಅಷ್ಟು ತಾಸು ಒಳಗೆ ಏನು ಮಾಡಿದಳು ಅಂತ ನಾವು ಕೇಳಲಿಲ್ಲ, ಆಕೆ ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಕೇಳದಿರುವುದಕ್ಕೆ ದೊಡ್ಡತನ ಅನ್ನುತ್ತಾರೆ.

ನಾಲ್ಕು ವರ್ಷದ ಕೆಳಗೆ ಭಾವ ಹೋದ. ಅಕ್ಕನನ್ನು ಶಹಾಪುರಕ್ಕೆ, ನನ್ನ ಹತ್ತಿರ ಕರೆದುಕೊಂಡು ಬಂದೆ. ಬಂದ ಮರುವರ್ಷ ಕಾಲು ಊದತೊಡಗಿದವು. ಎರಡೂ ಕಿಡ್ನಿ ಕೆಟ್ಟಿವೆ ಅಂದರು. ಏನರ ನೀರು ಕಡಿಮಿ ಕುಡೀತಿದ್ದರೇನ್ರಿ ಅಂತ ಡಾಕ್ಟರು ಸಹಜವಾಗಿ ಕೇಳಿದರು. ಅಕ್ಕ ಹೂಂ ಅಂದಳು. ನಾನು ಗೋಡೆಯ ಮೇಲಿನ ಹಲ್ಲಿ ನೋಡಿದೆ.

ಈಗ ವಾರಕ್ಕೆ ಎರಡು ಸಲ ಮುಂಜಾನೆ ಬಸ್ಸಿಗೆ ಭೀಮಾ ದಾಟಿ ಯಾದಗಿರಿಗೆ ಹೋಗುತ್ತೇವೆ. ರಕ್ತ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರಲು ನಾಲ್ಕು ತಾಸು. ಆ ನಾಲ್ಕು ತಾಸು ಕಳೆಯುವುದೇ ದೊಡ್ಡದು. ಮೊದಮೊದಲು ಓಣಿಯ ಸುದ್ದಿ ಹೇಳಿದೆ, ಮುಗಿಯಿತು. ಆಮೇಲೆ ಫೋನಿನಲ್ಲಿ ಪಿಚ್ಚರು. ಒಂದು ಮಂಗಳವಾರ ಅಕ್ಕ ತಾನಾಗಿ ಕೇಳಿದಳು, ಆ ಮಷಿನ್ ಪಿಚ್ಚರ್ ಸಿಗತದೇನ ನೋಡು, ಕೇಳಿದ್ದಷ್ಟ ಆತು, ಒಮ್ಮಿ ಕಣ್ಣಿಲೆ ನೋಡಬೇಕು ಅಂತ.

ಹಳೆಯ ಪಿಚ್ಚರ್ ಯಕ್ಕಾ, ಎಲ್ಲಿ ಸಿಗಬೇಕು ಅಂದೆ.

ಸಿಕ್ಕಿತು. ಅದೇ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು, ನಾನು ಮರೆಯದ ಆ ಮೂರು ಗೇಣಿನ ಹೆಸರು ಹಾಕಿ ಹುಡುಕಿದೆ. ಯಾರೋ ಪುಣ್ಯಾತ್ಮರು ಹಾಕಿದ್ದರು, ಮಸುಕು ಮಸುಕಾಗಿ. ಕೆಳಗೆ ಒಬ್ಬರು ಮಾತ್ರ ಬರೆದಿದ್ದರು: ಇಂಥ ಒಳ್ಳೆಯ ಚಿತ್ರವನ್ನು ಯಾಕೆ ಯಾರೂ ನೋಡಲಿಲ್ಲ ಅಂತ. ಪೂರ್ತಿ ನೋಡಿದೆ. ನಾನು ಮರೆತಿರಬಹುದು, ಕೊನೆಯಲ್ಲಿ ಆಕೆ ಎದ್ದು ಹೋಗಿದ್ದರೂ ಹೋಗಿರಬಹುದು ಅನ್ನುವ ಒಂದು ಆಸೆ ಇತ್ತು. ಸೂಜಿಗೆ ದಾರ ಮೂರನೆಯ ಸಲಕ್ಕೇ ಹೋಯಿತು.

ಎರಡು ತಿಂಗಳು ಸಿಕ್ಕಿಲ್ಲ ಅಂತಲೇ ಹೇಳಿದೆ. ಅಕ್ಕ ಹಠ ಮಾಡುವವಳಲ್ಲ. ಆದರೆ ಪ್ರತಿ ಸಲ ಸೂಜಿ ಚುಚ್ಚಿ, ಪಟ್ಟಿ ಕಟ್ಟಿ, ಸಿಸ್ಟರು ಆಚೆ ಹೋದ ಮೇಲೆ, ಸಿಕ್ಕಿತೇನ ಅಂತ ಒಂದು ಸಲ ಕೇಳುತ್ತಿದ್ದಳು. ಆಕೆಯ ಕೈ ದಿನದಿನಕ್ಕೆ ತೆಳ್ಳಗಾಗುತ್ತಿತ್ತು. ನೋಡದೆ ಹೋದರೆ ಅದೂ ನನ್ನ ಕುತ್ತಿಗೆಗೆ. ನೋಡಿದರೆ ಆ ಮೂವತ್ತು ವರ್ಷ ಯಾರಿಂದ ಅನ್ನುವುದು ಆಕೆಗೆ ಅರ್ಥವಾಗಿಬಿಡುತ್ತದೆ. ನಾನು ಕೊನೆಗೆ ಕಂಡುಕೊಂಡದ್ದು ನಮ್ಮ ಬುದ್ಧಿಗೆ ತಕ್ಕ ಉಪಾಯ: ಪಿಚ್ಚರು ತೋರಿಸುವುದು, ಗಂಡ ಮೂರನೇ ಸಲ ಬರುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು ಅಂತ ನಿಲ್ಲಿಸುವುದು, ಉಳಿದದ್ದನ್ನು ಬಾಯಿಂದ ಹೇಳುವುದು. ಹೇಳುವುದು ನನಗೆ ಬರುತ್ತಿತ್ತಲ್ಲ.

ಹೋದ ಶುಕ್ರವಾರ ಹಾಗೆಯೇ ಮಾಡಿದೆ. ದಿಂಬಿಗೆ ಫೋನು ಆನಿಸಿ ಇಟ್ಟೆ. ಅಕ್ಕ ಮೊದಲಿನಿಂದ ಕಣ್ಣು ತೆಗೆಯದೆ ನೋಡಿದಳು. ಗಂಡ ಹೊಸ್ತಿಲಿಗೆ ಬಂದ. ಅಯ್ಯ, ನಿಂತಿತು ನೋಡು ಅಂದು ಬೆರಳು ಒತ್ತಿದೆ.

"ಹೇಳು," ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡು.

ಹೇಳಿದೆ. ಅವನು ಮಷಿನ್ ತಲೆಯ ಮೇಲೆ ಹೊತ್ತದ್ದು, ಬಸ್ಸು, ಸುತ್ತಿಗೆ. ಐವತ್ತು ದಾಟಿದ ಹೆಂಗಸು, ಮೂರು ಮಂಚಗಳಾಚೆಗಿನ ರೋಗಿಗೂ ಕೇಳುವಂತೆ, ಚಿಲಕ ಕೀಳುವ ಸದ್ದನ್ನೂ ಮಾಡಿದೆ. ಕಾಲುವೆಗೆ ಒಗೆದೆ. ಅಕ್ಕನ ಕಣ್ಣು ಮುಚ್ಚಿಯೇ ಇದ್ದವು. ನಿದ್ದೆ ಹತ್ತಿತು ಅಂದುಕೊಂಡೆ.

"ಆಗ ಹೇಳಿದಂಗ ಈಗೂ ಹೇಳಿದಿ. ಒಂದ್ ಮಾತ್ ಹೆಚ್ಚಿಲ್ಲ, ಕಡಿಮಿಲ್ಲ," ಅಂದಳು. ಆಮೇಲೆ, "ಮಂಗಳವಾರ ನೀ ಬ್ಯಾಂಕಿಗೆ ಹೋಗಿದ್ದೆಲ್ಲ, ಸಿಸ್ಟರಿಗೆ ಕಥಿ ಹೇಳಿದೆ, ತನ್ನ ಫೋನಿನಾಗ ಹುಡಿಕಿ ಹಾಕಿಕೊಟ್ಟಳು. ಪೂರಾ ನೋಡೀನಿ."

ನಾನು ಫೋನು ಎತ್ತಿ ಚೀಲದಲ್ಲಿ ಇಟ್ಟೆ. ಮತ್ತೆ ತೆಗೆದೆ. ಆಕೆಯ ಹೊದಿಕೆಯ ಮಡಿಕೆ ಸರಿಮಾಡಿದೆ.

"ಚಲೋ ಪಿಚ್ಚರ್," ಅಂದಳು ಅಕ್ಕ. "ನಿಂದಕ್ಕಿಂತ ಚಲೋ ಅದ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಸಿಗುತ್ತಿತ್ತು. ನಾಲ್ಕು ತಾಸು ಮುಗಿದವು. ಸಿಸ್ಟರು ಬಂದು ಸೂಜಿ ತೆಗೆದು, ಅರಳೆ ಒತ್ತಿ ಹಿಡಕೋರಿ ಅಮ್ಮಾ ಅಂದಳು. ನಾನು ಒತ್ತಿ ಹಿಡಿದೆ.

ಬಸ್ಸಿನಲ್ಲಿ ಕಿಟಕಿಯ ಕಡೆ ಅಕ್ಕನನ್ನು ಕೂಡಿಸಿದೆ. ಊರು ದಾಟಿ ಸ್ವಲ್ಪ ಹೊತ್ತಿಗೆ ಕೇಳಿಯೇಬಿಟ್ಟೆ. ಕೇಳಬಾರದಿತ್ತು. ಯಕ್ಕಾ, ಅವತ್ತ ನಾ ಇದ್ದಂಗ ಹೇಳಿದ್ದರ, ನೀ ಹೋಗತಿದ್ದಿಲ್ಲೇನು ಅಂತ.

ಹೆಂಗಿದ್ದರೂ ಹೋಗತಿದ್ದೆ ಬಿಡು ಅಂತ ಆಕೆ ಅನ್ನುತ್ತಾಳೆ ಅಂತಲೇ ಕೇಳಿದ್ದು. ಎಂಥವರೂ ಅಷ್ಟು ಅನ್ನುತ್ತಾರೆ. ತಂಗಿಯಲ್ಲವೇ ಅಂತಲಾದರೂ ಅನ್ನುತ್ತಾರೆ, ಆಗಿನ್ನೂ ಸಣ್ಣ ಹುಡುಗಿ ಇದ್ದಳು ಅಂತಲಾದರೂ ಅನ್ನುತ್ತಾರೆ. ಅಕ್ಕ ನಿಜವಾಗಿಯೂ ಯೋಚನೆ ಮಾಡಿದಳು. ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ತೊಗರಿ ಹೊಲ ನೋಡುತ್ತ, ಅದನ್ನು ಪೂರ್ತಿ ತೂಗಿ ನೋಡಿದಳು.

"ಹೋಗತಿದ್ದಿಲ್ಲ," ಅಂದಳು.

ಸ್ವಲ್ಪ ಹೊತ್ತಿನ ಮೇಲೆ, ಧೂಳು ಬರಾಕತ್ತದ, ಗ್ಲಾಸ್ ಮುಚ್ಚು ಅಂದಳು. ಎದ್ದು ನಿಂತು ಎಳೆದೆ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು.